ಪಾಳೆಗಾರರ ಲೆಕ್ಕ ಬರೆದ ಕಲೆಕ್ಟರ್ ಮನ್ರೋ

ಗುಮ್ಮಘಟ್ಟ: ರಾಯದುರ್ಗದ ಬೆಟ್ಟ ಹತ್ತಿ ಕೋಟೆ ನೋಡಿದವರು ಇಳಿಯುವಾಗ ಕೇಳುವ ಮಾತು ಒಂದೇ. ಇಷ್ಟು ಗಟ್ಟಿ ಕೋಟೆ ಕೈಲಿದ್ದ ಪಾಳೆಗಾರರು ಎಲ್ಲಿ ಹೋದರು? ಇದಕ್ಕೆ ಉತ್ತರ ಬೇಕೆಂದರೆ ಸರ್ ಥಾಮಸ್ ಮನ್ರೋ ಕಥೆ ತಿಳಿಯಬೇಕು. ಗುಂಪು ಕಟ್ಟಿಕೊಂಡು ಗುಡ್ಡ ಸೇರಿ ಕಾದಾಡುವವರನ್ನು ಫಿರಂಗಿಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದಿಂದ ಮಣಿಸಿದ ಮನುಷ್ಯ ಈತ.

ಮನ್ರೋ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, 1761ರ ಮೇ 27ರಂದು. ತಂದೆ ಅಮೆರಿಕದ ಜತೆ ತಂಬಾಕಿನ ವ್ಯಾಪಾರ ಮಾಡುತ್ತಿದ್ದರು. ಅಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿ ವ್ಯಾಪಾರ ಮುಳುಗಿತು. ಮನೆಯ ಕಷ್ಟಕ್ಕೆ ಮಗ ಕಂಪನಿ ಸೈನ್ಯ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಅದೇ ವರ್ಷ ಹೈದರಾಲಿಯ ಜತೆ ಯುದ್ಧ ಬಂತು.

ಬೇಹುಗಾರಿಕೆಯ ಪಾಠ

1788ರಲ್ಲಿ ಆಂಬೂರಿನಲ್ಲಿ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಕೈಕೆಳಗೆ ಬೇಹುಗಾರಿಕೆ ವಿಭಾಗಕ್ಕೆ ಮನ್ರೋ ಸೇರಿದರು. ಟಿಪ್ಪು ಸೀಮೆಯಲ್ಲಿ ಏನು ನಡೆದಿದೆ ಎಂದು ಸುದ್ದಿ ಕಲೆಹಾಕುವುದೇ ಕೆಲಸ. ಪಾರ್ಸಿ, ಹಿಂದೂಸ್ತಾನಿ ಕಲಿತರು. 1792ರಿಂದ 1799ರವರೆಗೆ ಬಾರಾಮಹಲಿನಲ್ಲಿ ರೈತರ ಹೊಲ ಅಳೆದು ಕಂದಾಯ ಕಟ್ಟುವ ಕೆಲಸ ಮಾಡಿದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾಕ್ಕೆ ಕಲೆಕ್ಟರ್ ಆಗಿ ಹೋದರು. ಜಮಲಾಬಾದ್ ಕೋಟೆಯ ಗಲಾಟೆ, ವಿಟ್ಲದ ಹೆಗ್ಗಡೆಯ ಬಂಡಾಯ ನಡೆದದ್ದು ಅವರ ಕಾಲದಲ್ಲೇ.

1800ರ ಅಕ್ಟೋಬರಿನಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಅಂತ ಹೆಸರಾದದ್ದು ಇದೇ. ಇದಕ್ಕೆ ಮನ್ರೋ ಮುಖ್ಯ ಕಲೆಕ್ಟರ್. ಅನಂತಪುರವನ್ನು ಠಾಣೆ ಮಾಡಿಕೊಂಡರೂ ಮೊದಲ ಕೆಲವು ವರ್ಷ ಕಳೆದದ್ದು ಹೆಚ್ಚಾಗಿ ಡೇರೆಯಲ್ಲೇ, ಊರೂರು ಸುತ್ತುತ್ತ.

ಸೀಮೆಯಲ್ಲಿ ಆಗ 80 ಮಂದಿ ಪಾಳೆಗಾರರು, ಅವರ ಹಿಂದೆ ಸುಮಾರು 30,000 ಆಯುಧಧಾರಿ ಬಂಟರು. ಹಳ್ಳಿಹಳ್ಳಿಗೂ ಮಣ್ಣಿನ ಕೋಟೆ, ಹುಡೇವು. ರೈತ ಸರ್ಕಾರಕ್ಕೂ ಕೊಡಬೇಕು, ಪಾಳೆಗಾರನಿಗೂ ಕಾವಲಿ ಕಟ್ಟಬೇಕು. ಕಟ್ಟದಿದ್ದರೆ ಕಾಯುವವನೇ ರಾತ್ರಿ ಬಂದು ದೋಚುತ್ತಿದ್ದ. ಸೈನ್ಯ ಬಂದರೆ ಗುಡ್ಡ ಸೇರುವುದು, ಹೋದ ಮೇಲೆ ಇಳಿಯುವುದು, ಇದೇ ಅವರ ಯುದ್ಧದ ರೀತಿ.

ದುಡ್ಡಿನ ಮೂಲಕ್ಕೇ ಕೈ

ಮನ್ರೋ ಮೊದಲು ಮಾಡಿದ್ದು ತನಿಖೆ. ಯಾವ ಪಾಳೆಗಾರ ಎಲ್ಲಿಂದ ಬಂದ, ವಿಜಯನಗರದ ಕಾಲದಲ್ಲಿ ಎಷ್ಟು ಕಟ್ಟುತ್ತಿದ್ದ, ಹೈದರ್ ಕಾಲದಲ್ಲಿ ಎಷ್ಟು, ಹೀಗೆ ಒಬ್ಬೊಬ್ಬರ ಜಾತಕ ತೆಗೆದು 1802ರಲ್ಲಿ ಮದ್ರಾಸಿಗೆ ವರದಿ ಕಳಿಸಿದರು. ಪಾಳೆಗಾರನ ಬಲ ಇರುವುದು ಹಳ್ಳಿಯಿಂದ ಬರುವ ದುಡ್ಡಿನಲ್ಲಿ ಎಂದು ಅವರಿಗೆ ಗೊತ್ತಾಯಿತು. ಬಂಟರನ್ನು ಸಾಕುವಷ್ಟು ಉಳಿಯದ ಹಾಗೆ ಪೂರ್ತಿ ಕಂದಾಯ ಹೇರಿದರು. ರೈತನ ಹೆಸರಿಗೇ ಲೆಕ್ಕ ಬರೆದು ಮಧ್ಯದವನನ್ನು ತೆಗೆದರು. ಇದೇ ರೈತವಾರಿ. ಬಂಟರಲ್ಲಿ ಕೆಲವರಿಗೆ ಚಾಕರಿ, ಕೆಲವರಿಗೆ ಹೊಲ ಸಿಕ್ಕಿತು. ಒಪ್ಪದವರ ಮೇಲೆ ಜನರಲ್ ಕ್ಯಾಂಪ್‌ಬೆಲ್ ಪಡೆ ಹೋಯಿತು.

ರಾಯದುರ್ಗದ ಮನೆತನ ಅದಕ್ಕೂ ಮೊದಲೇ ಸೊರಗಿತ್ತು. ಆದವಾನಿ ಮುತ್ತಿಗೆಗೆ ನೆರವು ಕೊಡಲಿಲ್ಲ ಎಂಬ ಸಿಟ್ಟಿಗೆ ವೆಂಕಟಪತಿ ನಾಯಕನನ್ನು ಟಿಪ್ಪು ಸೆರೆ ಹಿಡಿದಿದ್ದ. 1799ರಲ್ಲಿ ರಾಜಗೋಪಾಲ ನಾಯಕ ಮತ್ತೆ ಕೋಟೆ ಹಿಡಿದ. ಗಲಾಟೆ ಎಬ್ಬಿಸಿದ ಎಂದು ನಿಜಾಮನ ಅಧಿಕಾರಿಗಳು ಹೈದರಾಬಾದಿಗೆ ಒಯ್ದರು. ಕಂಪನಿ ಬಂದ ಮೇಲೆ ಗುತ್ತಿಗೆ ತಂದು ಇಟ್ಟರು.

ಆದರೆ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. 1801ರಲ್ಲಿ ಆದವಾನಿ ಸೀಮೆಯ ತೆರ್ನೇಕಲ್ಲು ಊರವರೇ ತಿರುಗಿಬಿದ್ದರು. ಮೊದಲು ಹೋದ ಪಡೆಗೆ ಊರು ಸಿಗಲಿಲ್ಲ, ಎರಡನೇ ಸಲ ಬಿತ್ತು. ಪಾಳೆಗಾರರ ವಿಷಯದಲ್ಲಿ ಮನ್ರೋ ಅತಿ ಕಟುವಾಗಿ ನಡೆದುಕೊಂಡರು ಎಂದು ಲಂಡನ್ನಿನ ನಿರ್ದೇಶಕರೇ ಆಕ್ಷೇಪಿಸಿದರು, ಮದ್ರಾಸ್ ಸರ್ಕಾರ ಅವರ ಪರ ನಿಂತಿತು. ಕಂದಾಯ ಹೆಚ್ಚಾಯಿತೆಂದು ಮನ್ರೋಗೂ ಅನ್ನಿಸಿತ್ತು. 1807ರಲ್ಲಿ ಹೊರಡುವ ಮುಂಚೆ ನೂರಕ್ಕೆ 25 ಇಳಿಸಿ ಎಂದು ಬರೆದರು. ಸರ್ಕಾರ ಆಗ ಕೇಳಲಿಲ್ಲ. ಮುಂದೆ ತಾವೇ ಗವರ್ನರ್ ಆದಾಗ ಇಳಿಸಿದರು. ಅಷ್ಟರಲ್ಲಿ ಹದಿಮೂರು ವರ್ಷ ರೈತ ಹೊತ್ತದ್ದು ಹೊತ್ತದ್ದೇ.

ಧಾರವಾಡದಲ್ಲಿ ಅದೇ ಮದ್ದು

1817-18ರ ಪೇಶ್ವೆ ಯುದ್ಧದಲ್ಲಿ ಮನ್ರೋ ಧಾರವಾಡ ಸೀಮೆಗೆ ಬಂದಾಗ ಕೈಲಿದ್ದ ಸೈನ್ಯ ಸ್ವಲ್ಪವೇ. ಹಿಂದೆ ಯಾವುದನ್ನು ಅಡಗಿಸಿದ್ದರೋ ಈಗ ಅದನ್ನೇ ಬಳಸಿದರು. ಊರ ಜನರನ್ನೇ ಬಂಟರಾಗಿ ಸೇರಿಸಿ, ಅಮಲ್ದಾರರನ್ನು ನೇಮಿಸಿ, ಪೇಶ್ವೆ ಕೈಲಿದ್ದ ಹಳ್ಳಿಗಳ ಕಂದಾಯ ವಸೂಲಿಗೆ ಕಳಿಸಿದರು. ದುಡ್ಡು ನಿಂತ ಮೇಲೆ ಠಾಣೆಗಳೂ ನಿಲ್ಲಲಿಲ್ಲ. ಗದಗ, ಡಂಬಳ, ಬಾದಾಮಿ, ಬೆಳಗಾವಿ, ಕೊನೆಗೆ ಸೊಲ್ಲಾಪುರವೂ ಬಿತ್ತು.

1820ರಲ್ಲಿ ಮದ್ರಾಸ್ ಗವರ್ನರ್ ಆದರು. ಊರಿಗೆ ಮರಳುವ ಮುನ್ನ ಹಳೇ ಸೀಮೆ ನೋಡಲು ಹೊರಟವರು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಅಲ್ಲಿ ಅವರ ನೆನಪಿಗೆ ತೋಪು ಬೆಳೆಸಿ ಬಾವಿ ತೋಡಿಸಲಾಯಿತು. ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟವರಿದ್ದರು ಎನ್ನುತ್ತಾರೆ. ಮಂತ್ರಾಲಯದಲ್ಲಿ ರಾಯರು ಅವರಿಗೆ ದರ್ಶನ ಕೊಟ್ಟ ಕಥೆಯನ್ನು ಭಕ್ತರು ಇಂದಿಗೂ ಹೇಳುತ್ತಾರೆ.

ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಗಡಿ ಬದಲಾದರೂ ರೈತನ ಹೆಸರಿಗೆ ಹೊಲ ಬರೆಯುವ ಪದ್ಧತಿ ಎರಡೂ ಕಡೆ ಉಳಿದಿದೆ.

ಇನ್ನೊಂದು ಸಂಗತಿ. ಮನ್ರೋ ದೇಹವನ್ನು ಮೊದಲು ಮಣ್ಣು ಮಾಡಿದ್ದು ಗುತ್ತಿ ಕೋಟೆಯ ಬುಡದಲ್ಲಿ. 1831ರಲ್ಲಿ ಮದ್ರಾಸಿಗೆ ಒಯ್ದರು, ಅಲ್ಲಿ ಕುದುರೆ ಮೇಲೆ ಕೂತ ಅವರ ಪ್ರತಿಮೆಯೂ ಇದೆ. ರಾಯದುರ್ಗದ ಕೊನೆಯ ನಾಯಕ ಸೆರೆಯಾಳಿನಂತೆ ಬದುಕಿ ಕಣ್ಣು ಮುಚ್ಚಿದ್ದೂ ಅದೇ ಗುತ್ತಿಯಲ್ಲಿ. ಅವನನ್ನು ಊರಿಗೆ ತರಲು ಯಾರೂ ಬರಲಿಲ್ಲ.