ಹಡಗಿಗೆ ಗೆರೆ ಹಾಕಿಸಿದ ಪ್ಲಿಮ್‌ಸಾಲ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯವರಾದ ನಮಗೆ ಸಮುದ್ರವು ದೂರದ ಮಾತು. ನಾವು ಬಲ್ಲದ್ದು ಕೆರೆಯ ನೀರು. ಆದರೂ ಹೊರೆಯ ಸಂಗತಿಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಾಲೂರಿನ ಹೆಂಚನ್ನು ಮಿತಿಮೀರಿ ಹೇರಿದರೆ ಗಾಡಿಯ ಅಚ್ಚು ಕಿರುಗುಟ್ಟುವುದು, ಎತ್ತು ಮಂಡಿಯೂರುವುದು. ಗಾಡಿಯವನು ಇಳಿದು ಭಾರವನ್ನು ತಗ್ಗಿಸುವನು. ಹಡಗಾದರೋ ಸದ್ದಿಲ್ಲದೆ ಕೆಲವು ಅಂಗುಲ ತಗ್ಗುವುದು, ಅಷ್ಟೆ. ಅದರ ಫಲವು ತಿಳಿಯುವುದು ನಡುಗಡಲಿನ ಬಿರುಗಾಳಿಯಲ್ಲಿ. ಈ ಅನ್ಯಾಯದೊಡನೆ ಹೋರಾಡಿದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲನ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಈತನು 1824ನೆಯ ಇಸವಿ ಫೆಬ್ರವರಿ 10ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದನು. ನಾವಿಕನೂ ಅಲ್ಲ, ಹಡಗಿನ ಒಡೆಯನೂ ಅಲ್ಲ. ಮೊದಲು ಗುಮಾಸ್ತನಾಗಿದ್ದನು, ತರುವಾಯ ಲಂಡನಿನಲ್ಲಿ ಕಲ್ಲಿದ್ದಲಿನ ವ್ಯಾಪಾರಕ್ಕೆ ಕೈಹಾಕಿ ಸರ್ವಸ್ವವನ್ನೂ ಕಳೆದುಕೊಂಡನು. ಆಗ ಬಡವರು ತಂಗುವ ಅಗ್ಗದ ಬಿಡಾರಗಳಲ್ಲಿ ಕಾಲ ಕಳೆದು ಅವರ ಕಷ್ಟವನ್ನು ಕಣ್ಣಾರೆ ಕಂಡನು. ಮುಂದೆ ಐಶ್ವರ್ಯ ಬಂದಾಗಲೂ ಅದನ್ನು ಮರೆಯಲಿಲ್ಲ. 1868ರಲ್ಲಿ ಡರ್ಬಿಯಿಂದ ಪಾರ್ಲಿಮೆಂಟಿಗೆ ಚುನಾಯಿತನಾದನು.

ಆ ಕಾಲದಲ್ಲಿ ಕೆಲವು ಒಡೆಯರು ಜೀರ್ಣವಾದ ಹಡಗುಗಳಿಗೆ ವಿಮೆಮಾಡಿ, ಅಳತೆಯಿಲ್ಲದೆ ಸರಕು ತುಂಬಿ ಕಳುಹಿಸುತ್ತಿದ್ದರು. ಹಡಗು ಮುಳುಗಿದರೆ ಒಡೆಯನಿಗೆ ಹಣ, ನಾವಿಕನ ಹೆಂಡತಿಗೆ ವೈಧವ್ಯ. ಕರಾರಿಗೆ ರುಜುಹಾಕಿದ ನಾವಿಕನು ಅಂಜಿ ಹಡಗು ಹತ್ತದಿದ್ದರೆ ಅವನಿಗೆ ಸೆರೆಮನೆಯೇ ಗತಿ! ಹೊರೆಗೆ ಗೆರೆಯಿರಬೇಕೆಂದು ಪ್ಲಿಮ್‌ಸಾಲನಿಗಿಂತ ಮುಂಚೆಯೇ ವಾದಿಸಿದವನು ಜೇಮ್ಸ್ ಹಾಲ್ ಎಂಬ ಹಡಗಿನ ಒಡೆಯನೇ ಎಂಬುದನ್ನು ನಾವು ಮರೆಮಾಚಲಾರೆವು. 1873ರಲ್ಲಿ ಪ್ಲಿಮ್‌ಸಾಲನು ಬರೆದ ಪುಸ್ತಕವು ದೇಶವನ್ನೇ ಕಲಕಿತು. ಮಾನನಷ್ಟದ ಮೊಕದ್ದಮೆಗಳೂ ಅವನನ್ನು ಮುತ್ತಿದವು. ಪತ್ನಿ ಎಲೈಜಳು ಈ ಕಾರ್ಯದಲ್ಲೆಲ್ಲಾ ಅವನಿಗೆ ಬಲಗೈಯಾಗಿದ್ದಳು.

1875ನೆಯ ಜುಲೈ 22ರಂದು ಪ್ರಧಾನಮಂತ್ರಿ ಡಿಸ್ರೇಲಿಯು ಹಡಗುಗಳ ಮಸೂದೆಯನ್ನು ಕೈಬಿಡುವುದಾಗಿ ತಿಳಿಸಿದನು. ಪ್ಲಿಮ್‌ಸಾಲನು ಸಭೆಯ ಮರ್ಯಾದೆಯನ್ನೂ ಮರೆತು, ಮುಷ್ಟಿಯೆತ್ತಿ, ನಾವಿಕರನ್ನು ಸಾವಿಗೆ ಕಳುಹಿಸುವ ದುಷ್ಟರು ಅಲ್ಲಿಯೇ ಕುಳಿತಿರುವರೆಂದು ಕೂಗಿದನು. ವಾರದ ಮೇಲೆ ತನ್ನ ನಡತೆಗಾಗಿ ಕ್ಷಮೆ ಬೇಡಿದನು. ಹೇಳಿದ ಸಂಗತಿಗಳನ್ನು ಮಾತ್ರ ಹಿಂತೆಗೆಯಲಿಲ್ಲ. ಜನರು ಅವನ ಪಕ್ಷಕ್ಕೆ ನಿಂತರು. ಸರ್ಕಾರವು ಅವಸರದಿಂದ ತಾತ್ಕಾಲಿಕ ಕಾಯಿದೆಯೊಂದನ್ನು ತಂದಿತು. 1876ರಲ್ಲಿ ಗೆರೆಯು ಕಡ್ಡಾಯವಾಯಿತು.

ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಒಡೆಯನ ಇಷ್ಟಕ್ಕೇ ಬಿಟ್ಟಿದ್ದರು! ಒಬ್ಬನು ಅದನ್ನು ಹೊಗೆಕೊಳವೆಯ ಮೇಲೆಯೇ ಬರೆಸಿದನೆಂದು ಹೇಳುವರು. ಕೆರೆಯ ಕೋಡಿಯನ್ನು ಏರಿಗಿಂತ ಎತ್ತರದಲ್ಲಿ ಕಟ್ಟಿದಂತಾಯಿತು. ಗೆರೆಯ ಸ್ಥಾನವನ್ನು ಕಾನೂನೇ ಗೊತ್ತುಮಾಡಲು 1890ರವರೆಗೆ ಕಾಯಬೇಕಾಯಿತು. ಈ ಹದಿನಾಲ್ಕು ವರ್ಷಗಳಲ್ಲಿ ಮುಳುಗಿದವರ ಲೆಕ್ಕವನ್ನು ಯಾರಿಂದ ಕೇಳೋಣ?

ಪ್ಲಿಮ್‌ಸಾಲನು 1898ನೆಯ ಜೂನ್ 3ರಂದು ತೀರಿಕೊಂಡನು. 1930ರಲ್ಲಿ ಅನೇಕ ರಾಷ್ಟ್ರಗಳು ಸೇರಿ ಈ ಗೆರೆಯನ್ನು ಒಪ್ಪಿಕೊಂಡವು. ಸ್ವತಂತ್ರ ಭಾರತವೂ 1958ರ ಕಾಯಿದೆಯಲ್ಲಿ ಇದನ್ನು ವಿಧಿಸಿ, ಗೆರೆ ಮುಳುಗುವಂತೆ ಹೇರಿದ ಹಡಗನ್ನು ಬಂದರಿನಲ್ಲಿಯೇ ತಡೆಯುವ ಅಧಿಕಾರವನ್ನು ಕೊಟ್ಟಿತು. ನಮ್ಮ ಹಳೆಯ ವಿದ್ಯಾರ್ಥಿನಿಯರು ಮಕ್ಕಳೊಡನೆ ಮಂಗಳೂರಿನ ಕಡೆಗೆ ಹೋದರೆ, ಪಣಂಬೂರಿನ ಬಂದರಿಗೆ ಬರುವ ಹಡಗುಗಳ ಮಗ್ಗುಲನ್ನು ನೋಡಲಿ. ನಡುವೆ ಅಡ್ಡಗೆರೆಯುಳ್ಳ ಒಂದು ಉಂಗುರವು ಅಲ್ಲಿ ಕಾಣುವುದು. ಬರಿದಾದ ಹಡಗಿನಲ್ಲಿ ನೀರಿಗಿಂತ ಬಹಳ ಮೇಲೆ, ತುಂಬಿದ ಹಡಗಿನಲ್ಲಿ ಅಲೆಗೆ ತಾಗುವಂತೆ.