ಕಚೇರಿಯ ವೇಳೆ ಮುಗಿದ ಮೇಲೆ

ಪದವಿ ಮುಗಿಸಿದ ಮಕ್ಕಳು ಮುಂದೇನು ಮಾಡಬೇಕೆಂಬ ಪ್ರಶ್ನೆ ಮಧ್ಯಮ ವರ್ಗದ ಮನೆಗಳಲ್ಲಿ ಪ್ರತಿವರ್ಷವೂ ಏಳುತ್ತದೆ. ಸಂಬಳ ತರುವ ನೌಕರಿಯೋ, ಮನಸ್ಸಿಗೊಪ್ಪಿದ ವ್ಯಾಸಂಗವೋ? ಎರಡರಲ್ಲಿ ಒಂದನ್ನು ಶಾಶ್ವತವಾಗಿ ಕೈಬಿಡಲೇಬೇಕು ಎಂಬಂತೆ ಚರ್ಚೆ ಸಾಗುತ್ತದೆ. ಇದೇ ಇಕ್ಕಟ್ಟು ಒಂದು ಶತಮಾನಕ್ಕೂ ಹಿಂದೆ ಸಿ.ವಿ. ರಾಮನ್ ಅವರಿಗೂ ಎದುರಾಗಿತ್ತು.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಗಿತ್ತು. ಆದರೆ ಭೌತವಿಜ್ಞಾನದ ಸಂಶೋಧನೆಯನ್ನೇ ಜೀವನೋಪಾಯವಾಗಿಸಿಕೊಳ್ಳುವ ಅವಕಾಶ ಅಂದಿನ ಭಾರತದಲ್ಲಿ ಬಲು ವಿರಳ. ಇಂಗ್ಲೆಂಡಿಗೆ ಹೋಗೋಣವೆಂದರೆ, ಅಲ್ಲಿನ ಹವೆಯನ್ನು ಅವರ ದೇಹ ತಾಳದೆಂದು ವೈದ್ಯಾಧಿಕಾರಿ ತೀರ್ಪಿತ್ತರು. ರಾಮನ್ ಹಣಕಾಸು ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತರು, ಪ್ರಥಮ ಸ್ಥಾನ ಪಡೆದರು. 1907ರಲ್ಲೇ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಆಗ ಅವರ ವಯಸ್ಸು 18.

ಅವರ ಕಥೆ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲದಿರಲು ಕಾರಣ, ಬೌಬಜಾರ್ ಬೀದಿಯಲ್ಲಿದ್ದ ಒಂದು ಸಂಸ್ಥೆ. ವಿಜ್ಞಾನದ ಅಭಿವೃದ್ಧಿಗೆಂದು ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ್ದ ಆ ಸಂಘದಲ್ಲಿ ಪ್ರಯೋಗಾಲಯವಿತ್ತು, ಸಂಶೋಧಕರಿರಲಿಲ್ಲ. ಬೆಳಗ್ಗೆ ಕಚೇರಿಗೆ ಮುನ್ನ, ಸಂಜೆ ಕಚೇರಿಯ ನಂತರ ರಾಮನ್ ಅಲ್ಲಿ ದುಡಿದರು. ತಂತಿವಾದ್ಯಗಳ ಕಂಪನವನ್ನು ಅಭ್ಯಸಿಸಿದರು. ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗಲೂ ಆ ಆಸಕ್ತಿ ಬತ್ತಲಿಲ್ಲ. ಹೀಗೆ ಹತ್ತು ವರ್ಷ, ಸರ್ಕಾರದ ಲೆಕ್ಕಪತ್ರಗಳ ಕೆಲಸಕ್ಕೂ ಚ್ಯುತಿ ಬಾರದಂತೆ, ಎರಡು ಬದುಕುಗಳನ್ನು ಜೊತೆಜೊತೆಯಾಗಿ ನಡೆಸಿದರು.

1917ರಲ್ಲಿ ಸರ್ ಅಶುತೋಷ್ ಮುಖರ್ಜಿಯವರ ಆಹ್ವಾನದಂತೆ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು. ಸಂಬಳ ಗಣನೀಯವಾಗಿ ಇಳಿಯಿತು. ಪಿಂಚಣಿಯ ಭದ್ರತೆಯೂ ಹೋಯಿತು. ಬರಿಯ ವರಮಾನದ ಲೆಕ್ಕದಲ್ಲಿ ಅದು ನಷ್ಟದ ವ್ಯವಹಾರ. ಪೀಠಕ್ಕೆ ವಿದೇಶಿ ತರಬೇತಿ ಕಡ್ಡಾಯವೆಂಬ ನಿಬಂಧನೆಯಿತ್ತು. ರಾಮನ್ ಒಪ್ಪದಿದ್ದಾಗ ವಿಶ್ವವಿದ್ಯಾಲಯ ಅದನ್ನು ಸಡಿಲಿಸಿತು. ಮುಂದಿನದು ಲೋಕವಿದಿತ: 1928ರ ಫೆಬ್ರವರಿ 28ರ ಶೋಧ, 1930ರ ನೊಬೆಲ್, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನ, 1948ರಲ್ಲಿ ಇದೇ ನಗರದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ. 1970ರ ನವೆಂಬರ್ 21ರಂದು ನಿಧನರಾದಾಗ ಆ ಸಂಸ್ಥೆಯ ಆವರಣದಲ್ಲೇ ಅವರ ಅಂತ್ಯಸಂಸ್ಕಾರ ನಡೆಯಿತು.

ರಾಮನ್ ಅವರ ಪ್ರತಿಭೆ ಎಲ್ಲರಿಗೂ ದಕ್ಕುವಂಥದಲ್ಲ ಎಂಬುದು ನಿಜ. ಆದರೆ ಅವರ ಜೀವನದಿಂದ ಎರಡು ಮಾತುಗಳನ್ನು ಎಲ್ಲರೂ ಗ್ರಹಿಸಬಹುದು. ಮೊದಲನೆಯದು ಪದವೀಧರರಿಗೆ: ಮೊದಲ ನೌಕರಿ ಅಂತಿಮ ತೀರ್ಪಲ್ಲ, ಅನ್ನದ ದಾರಿಯನ್ನು ಹಿಡಿದವರು ಆಸಕ್ತಿಯನ್ನು ತೊರೆಯಬೇಕಿಲ್ಲ. ಎರಡನೆಯದು ಸಮಾಜಕ್ಕೆ: ಸಂಜೆಯ ವೇಳೆ ಗುಮಾಸ್ತನೂ ಅಧಿಕಾರಿಯೂ ಒಳಹೊಕ್ಕು ದುಡಿಯಬಹುದಾದ ಒಂದು ಪ್ರಯೋಗಾಲಯ, ಅರ್ಹರಿಗಾಗಿ ನಿಯಮ ಸಡಿಲಿಸಬಲ್ಲ ಒಂದು ವಿಶ್ವವಿದ್ಯಾಲಯ ಇಲ್ಲದಿದ್ದರೆ, ರಾಮನ್ ದಕ್ಷ ಲೆಕ್ಕಾಧಿಕಾರಿಯಾಗಿಯೇ ನಿವೃತ್ತರಾಗುತ್ತಿದ್ದರೇನೋ. ಸಂಜೆ ಐದಕ್ಕೆ ಬೀಗ ಬೀಳುವ ನಮ್ಮ ಕಾಲೇಜುಗಳ ಪ್ರಯೋಗಾಲಯಗಳು ಹೊರಗೇ ಉಳಿಸುತ್ತಿರುವ ಯುವಕ ಯುವತಿಯರೆಷ್ಟು ಎಂಬ ಲೆಕ್ಕವನ್ನು ಇನ್ನಾದರೂ ನಾವು ಹಾಕಬೇಕು.