ಹಾಲ್ಡೇನ್ ಮೇಷ್ಟ್ರು ಮತ್ತು ನನ್ನ ಡೈವಿಂಗ್ ಫಾರ್ಮ್

ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವುದೆಂದು ನಾವು ನಾಲ್ವರು ಗೆಳೆಯರು ತೀರ್ಮಾನಿಸಿದ್ದು ಚಾಮರಾಜಪೇಟೆಯ ಒಂದು ದರ್ಶಿನಿಯ ಮುಂದೆ ಬೈಟು ಕಾಫಿ ಹಿಡಿದುಕೊಂಡು. ಇಬ್ಬರಿಗೆ ಕೆಲಸ ಸಿಕ್ಕಿತ್ತು, ಒಬ್ಬ ಎಂ.ಕಾಂ. ಮುಗಿಸುತ್ತಿದ್ದ, ನಾನು ಇನ್ನೂ ಅರ್ಜಿ ಹಾಕುತ್ತಲೇ ಇದ್ದೆ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ, ಭಾನುವಾರ ಡೈವ್, ಭಾನುವಾರ ರಾತ್ರಿಯೇ ವಾಪಸ್ ಬಸ್ಸು. ಸೋಮವಾರ ಬೆಳಿಗ್ಗೆ ಇಬ್ಬರು ಆಫೀಸಿನಲ್ಲಿರಬೇಕಿತ್ತು.

ಎರಡು ದಿನದ ಮೇಲೆ ಮೊಬೈಲಿಗೆ ಆರೋಗ್ಯದ ಫಾರ್ಮ್ ಬಂತು. ಕಿವಿ, ಹೃದಯ, ಮೂರ್ಛೆ ಇತ್ಯಾದಿಗೆಲ್ಲ ಇಲ್ಲ ಎಂದು ಒತ್ತುತ್ತ ಹೋದವನು ಉಬ್ಬಸದ ಪ್ರಶ್ನೆಗೆ ಬಂದು ನಿಂತೆ. ಏಳನೇ ತರಗತಿಯವರೆಗೂ ನನಗೆ ಉಬ್ಬಸವಿತ್ತು. ಈಗಲೂ ಧೂಳೆದ್ದರೆ ಎದೆ ಸ್ವಲ್ಪ ಬಿಗಿಯುತ್ತದೆ. ಎಲ್ಲರೂ ಇಲ್ಲ ಅಂತಲೇ ಒತ್ತುತ್ತಾರೆ, ಹೌದು ಅಂದರೆ ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತಾರೆ ಎಂದರು ಗೆಳೆಯರು. ಕೆಲಸದ ಅರ್ಜಿಗಳನ್ನು ತುಂಬಿ ತುಂಬಿ ನನಗೂ ಆ ವಿದ್ಯೆ ಬಂದುಬಿಟ್ಟಿತ್ತು. ಎಲ್ಲಿ ಹೌದು ಅಂದರೆ ತೊಂದರೆಯೋ ಅಲ್ಲಿ ಇಲ್ಲ ಅನ್ನುವುದು. ಆದರೂ ಯಾಕೋ ಆ ದಿನ ಫಾರ್ಮ್ ಕಳಿಸಲಿಲ್ಲ.

ಪರೀಕ್ಷೆಗೆ ಓದಲು ನಾನು ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯಕ್ಕೆ ಹೋಗುತ್ತೇನೆ. ಅಲ್ಲಿ ತಳಿವಿಜ್ಞಾನದ ಅಧ್ಯಾಯದಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಎಂಬ ಹೆಸರು ಬಂತು. ಬ್ರಿಟನ್ನಿನಲ್ಲಿ ಹುಟ್ಟಿ ಭಾರತದ ಪ್ರಜೆಯಾಗಿ ಸತ್ತವರು ಎಂಬ ಒಂದು ಸಾಲು ನೋಡಿ ಕುತೂಹಲ ಹುಟ್ಟಿತು. ಪರೀಕ್ಷೆಗೆ ಬೇಡದ್ದನ್ನೇ ಓದುವುದು ನನ್ನ ಹಳೆಯ ಚಾಳಿ. ಓದುತ್ತ ಹೋದರೆ, ಈ ಮನುಷ್ಯ ತನ್ನ ಜೀವನದ ದೊಡ್ಡ ಭಾಗವನ್ನು ನೀರಿನೊಳಗೆ ಉಸಿರಾಡುವವರ ಸಲುವಾಗಿ ಕಳೆದಿದ್ದಾರೆ.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡ್‌ನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ವಿಜ್ಞಾನಿ. ನಾವು ಉಸಿರೆಳೆಯುವ ವೇಗವನ್ನು ಮುಖ್ಯವಾಗಿ ನಿಯಂತ್ರಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಸೇರುವ ಇಂಗಾಲದ ಡೈ ಆಕ್ಸೈಡ್ ಎಂದು 1905ರಲ್ಲಿ ತೋರಿಸಿದವರು ಅವರೇ. ಅಪ್ಪನ ಪ್ರಯೋಗಗಳಿಗೆ ಮಗನೇ ಸಹಾಯಕ. ಒಮ್ಮೆ ಕಲ್ಲಿದ್ದಲು ಗಣಿಗೆ ಕರೆದುಕೊಂಡು ಹೋಗಿ, ಛಾವಣಿಯ ಹತ್ತಿರ ಮೀಥೇನ್ ತುಂಬಿದ ಜಾಗದಲ್ಲಿ ಹುಡುಗನನ್ನು ನಿಲ್ಲಿಸಿ ಶೇಕ್ಸ್‌ಪಿಯರನ ನಾಟಕದ ಒಂದು ಭಾಷಣವನ್ನು ಗಟ್ಟಿಯಾಗಿ ಹೇಳಿಸಿದರಂತೆ. ಅರ್ಧಕ್ಕೆ ಏದುಸಿರು ಬಂದು ಹುಡುಗ ಕುಸಿದ. ನೆಲದ ಮೇಲೆ ಗಾಳಿ ಚೆನ್ನಾಗಿತ್ತು, ಎಚ್ಚರವಾಯಿತು. ಆ ಅನಿಲ ಮೇಲೆ ಇರುತ್ತದೆ, ಕೆಳಗಲ್ಲ ಎಂಬ ಪಾಠ ಅವನಿಗೆ ಸಾಯುವವರೆಗೂ ಮರೆಯಲಿಲ್ಲ. ಇವತ್ತು ಯಾವ ಅಪ್ಪನಾದರೂ ಹೀಗೆ ಮಾಡಿದರೆ ಪೊಲೀಸರು ಬರುತ್ತಾರೆ, ಅದು ಬೇರೆ ಮಾತು.

ಆ ಕಾಲಕ್ಕೆ ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ಆಳದಿಂದ ಮೇಲೆ ಬಂದ ಮೇಲೆ ಕೀಲು ಹಿಡಿದು, ಲಕ್ವ ಹೊಡೆದು ಸಾಯುವುದಿತ್ತು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಕೊಬ್ಬು, ಮಾಂಸದಲ್ಲೆಲ್ಲ ಕರಗಿ ಕೂರುತ್ತದೆ. ಸರಕ್ಕನೆ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ಅಪ್ಪ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ನೋಡಿದರು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಆಡುಗಳಿಗೆ ಏನೂ ಆಗುತ್ತಿರಲಿಲ್ಲ, ಅದಕ್ಕಿಂತ ಹೆಚ್ಚು ಇಳಿಸಿದರೆ ಕಾಲು ಎತ್ತಿ ಕುಂಟುತ್ತಿದ್ದವು. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ, ನಡುನಡುವೆ ನಿಂತು ಮೇಲೇರುವ ಲೆಕ್ಕ ಹಾಕಿ 1908ರಲ್ಲಿ ಕೋಷ್ಟಕ ಪ್ರಕಟಿಸಿದರು. ಮುಂದೆ ಅದು ಎಷ್ಟೋ ತಿದ್ದುಪಡಿ ಕಂಡಿತು. ಆದರೆ ಈಗಿನ ಡೈವರುಗಳ ಕೈಗೆ ಕಟ್ಟುವ ಕಂಪ್ಯೂಟರಿನ ಲೆಕ್ಕದ ಬೇರು ಅಲ್ಲಿಯೇ ಇದೆ. 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಮೇಲೆ ಬರುವ ರೂಢಿ ಕೂಡ ಅದೇ ವಂಶದ್ದು.

1906ರಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲಿ ಈ ಪ್ರಯೋಗ ನಡೆದಾಗ 13 ವರ್ಷದ ಮಗನನ್ನೂ ಇಳಿಸಿದರು. ಡ್ರೆಸ್ಸು ದೊಡ್ಡವರದು. ಮುಂಗೈ ಪಟ್ಟಿ ಸಡಿಲವಾಗಿ ಚಳಿನೀರು ಒಳಗೆ ನುಗ್ಗಿತು. ಹುಡುಗ ಗಾಬರಿಯಾಗದೆ ಗಾಳಿಯ ಕವಾಟ ನೋಡಿಕೊಂಡು ನಡುಗುತ್ತ ಮೇಲೆ ಬಂದ. ಇದನ್ನು ಓದಿದಾಗ ನನಗೆ ಅವನ ಧೈರ್ಯಕ್ಕಿಂತ ಆ ಪಟ್ಟಿಯೇ ತಲೆಯಲ್ಲಿ ಉಳಿಯಿತು. ಬಾಡಿಗೆಗೆ ಕೊಡುವ ಮಾಸ್ಕು, ಜಾಕೆಟ್ಟು, ಫಿನ್ನು ನಮ್ಮ ಅಳತೆಯದೇ ಎಂದು ದೋಣಿ ಹತ್ತುವ ಮೊದಲು ಹಾಕಿ ನೋಡುವವರು ಎಷ್ಟು ಜನ?

ಮುಂದಿನದು ಬೇಗ ಹೇಳುತ್ತೇನೆ. ಈಟನ್ ಶಾಲೆ, ಆಕ್ಸ್‌ಫರ್ಡ್, ಮೊದಲ ಮಹಾಯುದ್ಧದಲ್ಲಿ ಗಾಯ. ಆಕ್ಸ್‌ಫರ್ಡಿನಲ್ಲಿ ಗಣಿತದಿಂದ ಶುರುಮಾಡಿ ಕೊನೆಗೆ ಪದವಿ ಪಡೆದದ್ದು ಗ್ರೀಕ್, ಲ್ಯಾಟಿನ್, ತತ್ತ್ವಶಾಸ್ತ್ರದಲ್ಲಿ. ವಿಜ್ಞಾನದ ಪದವಿ ಅವರಿಗೆ ಇರಲೇ ಇಲ್ಲ. ಹಾಗಿದ್ದೂ ವಿಕಾಸವಾದವನ್ನು ಗಣಿತಕ್ಕೆ ಒಗ್ಗಿಸಿದ ಮೂವರು ಪ್ರಮುಖರಲ್ಲಿ ಒಬ್ಬರಾದರು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅರ್ಹತಾ ಪಟ್ಟಿಯಲ್ಲಿ ಸಂಬಂಧಿತ ವಿಷಯದಲ್ಲಿ ಪದವಿ ಎಂಬುದನ್ನು ಓದಿ ಓದಿ ಬೇಸತ್ತ ನನಗೆ ಇದು ಖುಷಿ ಕೊಟ್ಟಿತು. ಕಮ್ಯುನಿಸ್ಟರಾದರು. ಸೋವಿಯತ್ ವಿಜ್ಞಾನಿ ಲೈಸೆಂಕೊನ ತಪ್ಪು ವಾದವನ್ನು ನೇರವಾಗಿ ಖಂಡಿಸಲು ಬಹಳ ತಡ ಮಾಡಿದರು. ಅವರಂಥ ತಳಿವಿಜ್ಞಾನಿಗೆ ಅದು ಸಣ್ಣ ತಪ್ಪಲ್ಲ.

ನೀರು ಮತ್ತೆ ಅವರ ಜೀವನಕ್ಕೆ ಬಂದದ್ದು 1939ರ ಜೂನ್ 1ರಂದು. ಥೆಟಿಸ್ ಎಂಬ ಹೊಸ ಬ್ರಿಟಿಷ್ ಜಲಾಂತರ್ಗಾಮಿ ಲಿವರ್‌ಪೂಲ್ ಕೊಲ್ಲಿಯಲ್ಲಿ ಪರೀಕ್ಷೆಗೆ ಇಳಿದಾಗ ಮುಳುಗಿತು. ಟಾರ್ಪೆಡೊ ಕೊಳವೆಯೊಳಗೆ ನೀರಿದೆಯೇ ಎಂದು ನೋಡಲು ಒಂದು ಪುಟ್ಟ ತೂತು ಇರುತ್ತಿತ್ತು. ಆ ತೂತಿಗೆ ಬಣ್ಣ ಮೆತ್ತಿಕೊಂಡು ಮುಚ್ಚಿಹೋಗಿತ್ತು. ನೀರು ಹೊರಗೆ ಬರಲಿಲ್ಲವಾದ್ದರಿಂದ ಕೊಳವೆ ಖಾಲಿ ಎಂದುಕೊಂಡು ಒಳಬಾಗಿಲು ತೆರೆದರು. ಹೊರಬಾಗಿಲು ಮೊದಲೇ ತೆರೆದಿತ್ತು. ಒಳಗಿದ್ದ 103 ಜನರಲ್ಲಿ ಪಾರಾದವರು 4 ಜನ. ಸತ್ತ 99 ಜನರಲ್ಲಿ ಹಡಗು ಕಟ್ಟಿದ ಕಾರ್ಮಿಕರೂ ಅನೇಕರಿದ್ದರು. ಅವರ ಕಾರ್ಮಿಕ ಸಂಘಗಳು ಕಾರಣ ಹುಡುಕಲು ಹಾಲ್ಡೇನರನ್ನು ಕೇಳಿಕೊಂಡವು.

ಅವರು ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದಿದ್ದ ಕೆಲವರನ್ನು ಜೊತೆಗೆ ಕರೆದುಕೊಂಡು ಲಂಡನ್ನಿನ ಒಂದು ಉಕ್ಕಿನ ಕೋಣೆಯಲ್ಲಿ, ಹಡಗಿನೊಳಗೆ ಆಗಿರಬಹುದಾದಷ್ಟೇ ಕೆಟ್ಟ ಗಾಳಿಯಲ್ಲಿ ಕುಳಿತರು. ಏದುಸಿರು, ತಲೆ ಸಿಡಿತ, ವಾಂತಿ. ಆ ಸ್ಥಿತಿಯಲ್ಲಿ ಪಾರಾಗುವ ಉಪಕರಣವನ್ನು ಸರಿಯಾಗಿ ಬಳಸುವಷ್ಟು ಬುದ್ಧಿ ಉಳಿಯುವುದೇ ಕಷ್ಟ ಎಂದು ಗೊತ್ತಾಯಿತು. ಯುದ್ಧ ಶುರುವಾದ ಮೇಲೆ ನೌಕಾಪಡೆಗಾಗಿ ಇದೇ ಕೆಲಸ ವರ್ಷಗಟ್ಟಲೆ ನಡೆಯಿತು. ಒತ್ತಡದಲ್ಲಿ ಐಸ್ ನೀರಿನಲ್ಲಿ ಕುಳಿತರು, ಮುಂದೆ ಹೆಂಡತಿಯಾದ ಹೆಲೆನ್ ಸ್ಪರ್ವೆ ಕೂಡ ಕುಳಿತರು. ಒತ್ತಡದಲ್ಲಿ ಶುದ್ಧ ಆಮ್ಲಜನಕ ಎಳೆದುಕೊಂಡು ಫಿಟ್ಸ್ ಬಂದು ಹಾಲ್ಡೇನರ ಬೆನ್ನುಮೂಳೆಗೆ ಪೆಟ್ಟಾಯಿತು, ಆ ನೋವು ಹೋಗಲಿಲ್ಲ. ಕಿವಿತಮಟೆ ತೂತಾಯಿತು. ಆ ಕಿವಿಯಿಂದ ತಂಬಾಕಿನ ಹೊಗೆ ಬಿಟ್ಟು ಜನರನ್ನು ನಗಿಸಬಹುದು ಎಂದು ತಾವೇ ಬರೆದುಕೊಂಡರು.

ಇದೆಲ್ಲ ಹುಚ್ಚುತನವೇ? ಅರ್ಧ ಹೌದು ಎಂದು ನನಗೆ ಅನ್ನಿಸುತ್ತದೆ. ಆದರೆ ಕೋಣೆಯ ಹೊರಗೆ ಕವಾಟ ನೋಡಿಕೊಳ್ಳುವವರು ಇರುತ್ತಿದ್ದರು, ಎಷ್ಟು ಒತ್ತಡ, ಎಷ್ಟು ನಿಮಿಷ ಎಂಬುದಕ್ಕೆ ಲೆಕ್ಕ ಇರುತ್ತಿತ್ತು. ಮುಖ್ಯವಾಗಿ, ಆದದ್ದನ್ನು ಆದ ಹಾಗೇ ಬರೆದಿಡುತ್ತಿದ್ದರು. ಪ್ರಾಣಿಯ ಮೇಲೆ ಪ್ರಯೋಗ ಮಾಡಿದರೆ ಅದಕ್ಕೆ ಏನಾಯಿತೆಂದು ಅದು ಬಾಯಿಬಿಟ್ಟು ಹೇಳಲಾರದು, ಮನುಷ್ಯ ಹೇಳುತ್ತಾನೆ ಎಂಬುದೇ ಅವರು ತಮ್ಮನ್ನೇ ಒಡ್ಡಿಕೊಂಡದ್ದಕ್ಕೆ ಕಾರಣ. ಆ ಮನುಷ್ಯ ಸುಳ್ಳು ಹೇಳಿದರೆ ಲೆಕ್ಕವೆಲ್ಲ ನೀರುಪಾಲು.

ಇಲ್ಲಿಗೆ ನನ್ನ ಫಾರ್ಮ್ ನೆನಪಾಯಿತು. ಉಬ್ಬಸ ಇದ್ದವರನ್ನು ಯಾಕೆ ಕೇಳುತ್ತಾರೆ ಎಂಬುದು ಹಾಲ್ಡೇನರ ಮನೆಯ ವಿಜ್ಞಾನದಿಂದಲೇ ಅರ್ಥವಾಯಿತು. 10 ಮೀಟರ್ ಆಳದಲ್ಲಿ ಶ್ವಾಸಕೋಶದಲ್ಲಿರುವ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಉಸಿರು ಬಿಡುತ್ತ ಬಂದರೆ ತೊಂದರೆಯಿಲ್ಲ. ಶ್ವಾಸನಾಳ ಬಿಗಿದು ಒಂದು ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಅದು ಅಲ್ಲೇ ಹಿಗ್ಗಿ ಶ್ವಾಸಕೋಶ ಹರಿಯಬಹುದು.

ಕಡಲಿನ ಹರಿವು ಜೋರಿದ್ದರೆ ಇದೇ ಕಷ್ಟ ಇನ್ನೂ ಹೆಚ್ಚು. ಡೈವ್ ಮಾಡುವವರು ಒಂದು ನಾಟ್ ಹರಿವು ಎಂದರೆ ಹೆದರುತ್ತಾರೆ. ಅದು ಗಂಟೆಗೆ 1.85 ಕಿ.ಮೀ. ಅಷ್ಟೇ. ಗಾಂಧಿ ಬಜಾರಿನಲ್ಲಿ ಹೂವು, ತರಕಾರಿ ಚೌಕಾಸಿ ಮಾಡುತ್ತ ನಡೆಯುವವರೂ ಹೆಚ್ಚುಕಡಿಮೆ ಅಷ್ಟು ವೇಗದಲ್ಲೇ ಇರುತ್ತಾರೆ. ಆದರೆ ನೀರಿನ ತಡೆ ವೇಗದ ವರ್ಗದಷ್ಟು ಏರುತ್ತದೆ, ಬೆನ್ನಿಗೆ ಸಿಲಿಂಡರ್ ಬೇರೆ. ಅದರ ವಿರುದ್ಧ ಈಜಲು ಹೋದವನು ಕೆಲವೇ ನಿಮಿಷದಲ್ಲಿ ಏದುಸಿರು ಬಿಡುತ್ತಾನೆ. ಆಳದಲ್ಲಿ ಗಾಳಿ ದಟ್ಟವಾಗಿರುವುದರಿಂದ ಇಂಗಾಲದ ಡೈ ಆಕ್ಸೈಡ್ ಸರಿಯಾಗಿ ಹೊರಹೋಗುವುದಿಲ್ಲ. ಅಪ್ಪ ಹಾಲ್ಡೇನ್ ತೋರಿಸಿದ ಹಾಗೆ ಅದು ಇನ್ನಷ್ಟು ಉಸಿರಾಡಿಸುತ್ತದೆ, ಥೆಟಿಸ್ ಕೋಣೆಯಲ್ಲಿ ಮಗ ಕಂಡ ಹಾಗೆ ಬುದ್ಧಿ ಮಂಕಾಗುತ್ತದೆ. 20 ಮೀಟರಿನಲ್ಲಿ ಪ್ರತಿ ಉಸಿರಿಗೂ ದಡದ ಮೂರರಷ್ಟು ಗಾಳಿ ಖರ್ಚು. ಸಿಲಿಂಡರಿನ ಮುಳ್ಳು ಕಣ್ಣೆದುರೇ ಇಳಿಯುತ್ತದೆ.

ಹಾಗಾಗಿ ಅನುಭವಿಗಳು ಹರಿವಿನ ಜೊತೆ ಜಗಳ ಆಡುವುದಿಲ್ಲ. ಉಬ್ಬರ ಇಳಿತದ ವೇಳೆ ನೋಡಿ ಇಳಿಯುತ್ತಾರೆ. ಲಂಗರಿನ ಹಗ್ಗ ಹಿಡಿದೇ ಕೆಳಗೆ ಹೋಗುತ್ತಾರೆ, ಇಲ್ಲವೆ ಹರಿವಿನ ಜೊತೆಗೆ ತೇಲುತ್ತ ಹೋದರೆ ದೋಣಿ ಹಿಂದೆ ಬರುವಂತೆ ಮೊದಲೇ ಮಾತಾಡಿಕೊಂಡಿರುತ್ತಾರೆ. ತಪ್ಪಿಸಿಕೊಳ್ಳಬೇಕಾದರೆ ಎದುರಿಗಲ್ಲ, ಅಡ್ಡಕ್ಕೆ ಈಜುತ್ತಾರೆ. ತಳದ ಹತ್ತಿರ, ಬಂಡೆಯ ಮರೆಯಲ್ಲಿ ಹರಿವು ಕಡಿಮೆ. ಮೇಲೆ ಬರುವ ಮೊದಲು ಬಣ್ಣದ ಉದ್ದನೆಯ ಬಲೂನ್ ಬಿಟ್ಟರೆ ದೋಣಿಯವನಿಗೆ ನಾವಿರುವ ಜಾಗ ಕಾಣುತ್ತದೆ. ಅದರ ಜೊತೆ ಒಂದು ಸೀಟಿ. ಅಲೆಯ ನಡುವೆ ತಲೆಯೊಂದು ತೇಲುತ್ತಿದ್ದರೆ ನೂರು ಮೀಟರ್ ದೂರದಿಂದಲೂ ಕಾಣುವುದು ಕಷ್ಟ. ಕೊಳದಲ್ಲಿ ಚೆನ್ನಾಗಿ ಈಜುತ್ತೇನೆ ಎಂಬ ಧೈರ್ಯ ಇಲ್ಲಿ ಲೆಕ್ಕಕ್ಕಿಲ್ಲ. ನಾನು ಬಸವನಗುಡಿಯಲ್ಲಿ ಈಜು ಕಲಿತವನು. ಕೊಳದಲ್ಲಿ ನೀರು ನಿಂತಿರುತ್ತದೆ, ಸುಸ್ತಾದರೆ ಗೋಡೆ ಹಿಡಿಯಬಹುದು.

ಹಾಲ್ಡೇನರ ಕೊನೆಯ ವರ್ಷಗಳು ನಮ್ಮ ದೇಶದಲ್ಲಿ. 1957ರಲ್ಲಿ, ಸೂಯೆಜ್ ವಿಷಯದಲ್ಲಿ ಬ್ರಿಟನ್ ನಡೆದುಕೊಂಡ ರೀತಿಗೆ ಬೇಸತ್ತು, ಮಹಲನೋಬಿಸ್ ಕರೆದ ಮೇಲೆ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದರು. ಕುರ್ತಾ ಪೈಜಾಮ ಹಾಕಿದರು, ಮಾಂಸ ಬಿಟ್ಟರು, ಭಾರತದ ಪ್ರಜೆಯಾದರು. ಹೆಚ್ಚು ದುಡ್ಡಿನ ಉಪಕರಣ ಬೇಡ, ಟಿಟ್ಟಿಭದ ಗೂಡು ಗಮನಿಸಿ, ತೆಂಗಿನ ಗರಿ ಎಡಕ್ಕೆ ಸುತ್ತುತ್ತದೋ ಬಲಕ್ಕೋ ಎಣಿಸಿ, ಅದೂ ವಿಜ್ಞಾನವೇ ಎಂಬ ದಾರಿಗೆ ತಮ್ಮ ಜೊತೆಗಿದ್ದ ಕಿರಿಯರನ್ನು ಹಚ್ಚಿದರು. ಸಂಸ್ಥೆಯವರ ಜೊತೆ ಜಗಳವಾಗಿ ಹೊರಬಂದು 1962ರಲ್ಲಿ ಭುವನೇಶ್ವರದಲ್ಲಿ ಪ್ರಯೋಗಾಲಯ ಕಟ್ಟಿದರು. ಕ್ಯಾನ್ಸರ್ ಬಂದಾಗ ಆಸ್ಪತ್ರೆಯಲ್ಲಿ ಅದರ ಮೇಲೆ ತಮಾಷೆಯ ಪದ್ಯ ಬರೆದರು. ಲಕ್ಷಣ ಕಂಡರೆ ನಾಚಿಕೊಳ್ಳದೆ ಡಾಕ್ಟರ ಹತ್ತಿರ ಹೋಗಿ ಎಂಬುದೇ ಅದರ ಸಾರ. ತಮ್ಮ ಶ್ರದ್ಧಾಂಜಲಿಯನ್ನು ತಾವೇ ಬಿಬಿಸಿಗೆ ರೆಕಾರ್ಡ್ ಮಾಡಿಕೊಟ್ಟರು. 1964ರ ಡಿಸೆಂಬರ್ 1ರಂದು ತೀರಿಕೊಂಡರು. ಅವರ ಇಷ್ಟದಂತೆ ದೇಹ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಹೋಯಿತು. ಸತ್ತ ಮೇಲೂ ಪಾಠದ ಮೇಜಿನ ಮೇಲೆ.

ನಾನು ಫಾರ್ಮಿನಲ್ಲಿ ಹೌದು ಎಂದು ಒತ್ತಿದೆ. ಅವರು ಸರ್ಟಿಫಿಕೇಟ್ ಕೇಳಿದರು. ಡಾಕ್ಟರು ಎದೆ ನೋಡಿ, ಊದಿಸಿ, ಓಡಿಸಿ ಮತ್ತೆ ಊದಿಸುವ ಪರೀಕ್ಷೆ ಆಗುವವರೆಗೆ ಸಹಿ ಮಾಡುವುದಿಲ್ಲ ಎಂದರು. ಅದಕ್ಕೆ ಸಿಕ್ಕ ದಿನಾಂಕ ಪ್ರವಾಸದ ಮರುವಾರ. ಗೆಳೆಯರು ಒಂದು ಸಂಜೆ ಮಾತು ಬಿಟ್ಟರು. ಟಿಕೆಟ್ ರದ್ದು ಮಾಡಿದ ದುಡ್ಡಿನಲ್ಲಿ ಅರ್ಧ ವಾಪಸ್ ಬಂತು.

ಆದರೆ ಅವರ ಭಾನುವಾರದ ಬಸ್ಸಿನ ಬಗ್ಗೆ ನಾನು ಬಿಡಲಿಲ್ಲ. ನಮ್ಮ ಬಸವನಗುಡಿ, ಚಾಮರಾಜಪೇಟೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಮುರ್ಡೇಶ್ವರಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಡೈವ್ ಆದ ಮೇಲೆ ವಿಮಾನ ಹತ್ತುವ ಮೊದಲು ಒಂದೇ ಡೈವ್ ಆದರೆ 12 ಗಂಟೆ, ಎರಡು ದಿನ ಹಲವು ಡೈವ್ ಆದರೆ 18 ಗಂಟೆ ಕಾಯಬೇಕು ಎಂಬ ಸಲಹೆ ಎಲ್ಲರಿಗೂ ಗೊತ್ತು. ಆ ಸಲಹೆ 600 ಮೀಟರಿನಿಂದ ಮೇಲಿನ ಎತ್ತರಕ್ಕೆಲ್ಲ ಅನ್ವಯ, ಘಟ್ಟ ಹತ್ತುವ ಬಸ್ಸಿಗೂ ಅನ್ವಯ ಎಂಬುದು ಹೊಳೆಯುವುದಿಲ್ಲ. ಗೇರುಸೊಪ್ಪೆ ಘಟ್ಟ ಹತ್ತಿ, ಸಾಗರ, ಶಿವಮೊಗ್ಗ ದಾಟಿ, ಬೆಳಗಾಗುವಷ್ಟರಲ್ಲಿ ಮೈಯಲ್ಲಿ ಉಳಿದ ಸಾರಜನಕ ಹೊತ್ತು ಬೆಂಗಳೂರಿಗೆ ಏರಿರುತ್ತೇವೆ. ಆಡಿನ ಕಥೆಯನ್ನೂ ಹೇಳಿದೆ. ನಕ್ಕರು. ಆಮೇಲೆ ಒಬ್ಬ ಗೂಗಲ್ ಮಾಡಿ ಸುಮ್ಮನಾದ.

ಸೋಮವಾರ ರಜೆ ಹಾಕಿ, ಆ ರಾತ್ರಿಯ ಬಸ್ಸಿಗೆ ಬಂದರು. ಒಬ್ಬನಿಗೆ ಆಫೀಸಿನಲ್ಲಿ ಬೈಗುಳ ಸಿಕ್ಕಿತಂತೆ. ಭಾನುವಾರ ಹರಿವು ಜೋರಾಗಿತ್ತು, ಎರಡನೇ ಡೈವನ್ನು ದೋಣಿಯವರೇ ರದ್ದು ಮಾಡಿದರು ಎಂದು ಗೊಣಗಿದರು. ಫೋನಿನಲ್ಲಿ ಆಮೆಯ ವಿಡಿಯೊ ತೋರಿಸಿದರು. ಚೆನ್ನಾಗಿತ್ತು. ನನ್ನ ಊದುವ ಪರೀಕ್ಷೆ ಬುಧವಾರ ಹನ್ನೊಂದು ಗಂಟೆಗೆ.